ಸೂರಿನ ಬಿರುಕು ಹಿಡಿಯುವ ಅಕ್ಕ

ಬೆಳಗಿನ ಐದೂಕಾಲು. ಮೊದಲ ರೈಲು ಹೊರಟಿದೆ, ಎರಡನೆಯದಕ್ಕೆ ಇನ್ನೂ ಇಪ್ಪತ್ತು ನಿಮಿಷ. ಹಳೆಯ ನಿಲ್ದಾಣದ ಭವ್ಯ ಹಜಾರದ ನಟ್ಟನಡುವೆ, ಪ್ರತಿಸಲವೂ ಜಾಗ ತಪ್ಪದಿರಲೆಂದು ನೆಲಕ್ಕೆ ಹೊಡೆದ ಮೂರು ಹಿತ್ತಾಳೆ ಮೊಳೆಗಳ ಮೇಲೆ ಕ್ಯಾಮೆರಾದ ಮುಕ್ಕಾಲಿ ಊರಿ ಒಬ್ಬ ಹೆಂಗಸು ಕತ್ತೆತ್ತಿ ನಿಂತಿದ್ದಾರೆ. ಎಂಬತ್ತಾರು ಮೆಟ್ಟಿಲು ಹತ್ತಿ, ಸೂರಿನಂಚಿನ ಕಟ್ಟೆಯಲ್ಲಿ ದೀಪವನ್ನು ಓರೆಯಾಗಿ ಇಟ್ಟು ಬಂದ ಏದುಸಿರು ಇನ್ನೂ ಇಳಿದಿಲ್ಲ. ಒಂದು ಚಿತ್ರಕ್ಕೆ ಹತ್ತು ಸೆಕೆಂಡು. ನಡುವೆ ರೈಲು ಬಂದು ನೆಲ ನಡುಗಿತೋ, ಮತ್ತೆ ಮೊದಲಿಂದ.

ಹಮಾಲರ ಬಾಯಲ್ಲಿ ಇವರು 'ಸೂರಕ್ಕ'. ಹದಿನಾಲ್ಕು ವರ್ಷದಿಂದ ಪ್ರತಿ ತಿಂಗಳೂ ಸೂರಿನ ಅರವತ್ತೆರಡು ಚಿತ್ರ ತೆಗೆಯುತ್ತಾರೆ. ಅವನ್ನು ಹಿಂದಿನ ತಿಂಗಳಿನವುಗಳ ಪಕ್ಕಕ್ಕಿಟ್ಟು, ಯಾವ ಬಿರುಕು ಬೆಳೆದಿದೆ ಎಂದು ದುರಸ್ತಿಯ ಎಂಜಿನಿಯರ್ ನೋಡುತ್ತಾರೆ. ಅದಕ್ಕೂ ಮೊದಲು ಅಕ್ಕನದು ಮದುವೆ ಫೋಟೋ ತೆಗೆಯುವ ಕೆಲಸ. ಸ್ಟುಡಿಯೊ ಮುಚ್ಚಿದಾಗ ಮಗಳಿಗೆ ಎರಡು ವರ್ಷ. "ಮನೆ ಸೂರು ಸೋರಿದ್ರೂ ಕತ್ತೆತ್ತಲ್ಲ, ಅಲ್ಲಿ ಹೋಗಿ ಬಾಯಿ ಬಿಟ್ಕೊಂಡು ನಿಲ್ತಾಳೆ" ಅಂತ ಅತ್ತೆ ಆಡಿಕೊಳ್ಳುತ್ತಾರಂತೆ.

ಇವತ್ತು ಅದಕ್ಕೆ ನಗಲು ಅಕ್ಕನಿಗೆ ಆಗುತ್ತಿಲ್ಲ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ, ಟಿಕೆಟ್ ಕಿಟಕಿಗಳ ಮೇಲಿನ ಬಿರುಕು ಗಾರೆಯ ಹೂವಿನ ತನಕ ಹರಿದಿದೆ. ಹೋದ ತಿಂಗಳ ಚಿತ್ರದಲ್ಲಿ ಅದರ ಸುಳಿವೇ ಇಲ್ಲ. ಆಗ ಓರೆ ದೀಪ ಕೆಟ್ಟಿತ್ತು. ಕೈಗೆ ಸಿಕ್ಕ ಇನ್ನೊಂದನ್ನು ಎದುರಿಗೇ ಹಿಡಿದಿದ್ದರು, ಮದುಮಗಳ ಮುಖದ ಕಲೆ ಮರೆಸಲು ಹಿಡಿಯುತ್ತಿದ್ದ ಹಾಗೆ. ಬಿರುಕಿನ ನೆರಳು ಹೋಯಿತು, ಬಿರುಕೂ ಮಾಯವಾಯಿತು. ಆ ಚಿತ್ರ ನಂಬಿಯೇ ಎಂಜಿನಿಯರ್ ದುರಸ್ತಿಯನ್ನು ಮುಂದಿನ ವರ್ಷಕ್ಕೆ ತಳ್ಳಿದ್ದಾರೆ. ಆರಕ್ಕೆ ಕಿಟಕಿ ತೆರೆಯುತ್ತದೆ. ಜನ ಸಾಲು ನಿಲ್ಲುವುದು ಸರಿಯಾಗಿ ಅದರಡಿಯಲ್ಲೇ. ತಪ್ಪು ತನ್ನದೆಂದು ಬಾಯಿ ಬಿಟ್ಟರೆ ಈ ಫೋಟೋ ಕೆಲಸದ ಗುತ್ತಿಗೆ ಕೈತಪ್ಪಬಹುದು.

ಅಕ್ಕ ಫೋನ್ ಮಾಡಿ ಬಿರುಕಿನ ವಿಷಯ ಹೇಳುತ್ತಾರೆ. ನಿದ್ದೆಗಣ್ಣಲ್ಲಿದ್ದ ಎಂಜಿನಿಯರ್, ಹಾಗಾದರೆ ಹೋದ ತಿಂಗಳು ಕೊಟ್ಟ ಫೋಟೋ ಸುಳ್ಳೇ ಎಂದು ಗದರುತ್ತಾರೆ.

"ಫೋಟೋ ಸುಳ್ಳಲ್ಲ ಸಾರ್. ದೀಪ ಹಿಡಿದಿದ್ದು ತಪ್ಪು. ಹಿಡಿದವಳು ನಾನೇ."

ಎಂಜಿನಿಯರ್ ಫೋನಿಟ್ಟು ನಿಲ್ದಾಣದವರಿಗೆ ಸುದ್ದಿ ಮುಟ್ಟಿಸುತ್ತಾರೆ. ಐದೂ ಐವತ್ತಕ್ಕೆ ಕಾವಲುಗಾರ ಹಗ್ಗ ಎಳೆದು ಸಾಲನ್ನು ಹಜಾರದ ಆಚೆ ಬದಿಗೆ ಸರಿಸುತ್ತಾನೆ. ಬೆಳಬೆಳಗ್ಗೆ ಇದೇನು ಗೋಳು ಎಂದು ಜನ ಗೊಣಗುತ್ತಾರೆ. ಎಂಟಕ್ಕೆ, ಎಂಜಿನಿಯರ್ ಜೊತೆ ಬಂದು ಏಣಿ ಹತ್ತಿದ ಗಾರೆಯವನು ಬಿರುಕಿನ ಪಕ್ಕ ಮೆಲ್ಲಗೆ ತಟ್ಟುತ್ತಾನೆ. ಮೊರದಗಲದ ತುಂಡು ಕಳಚಿ, ಖಾಲಿ ನೆಲಕ್ಕೆ ಬಿದ್ದು ಪುಡಿಯಾಗುತ್ತದೆ. ಸಾಲಿನವರು ತಾವಾಗಿಯೇ ಇನ್ನೂ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

ಎಂಜಿನಿಯರ್ ಗುತ್ತಿಗೆಯ ಮಾತೆತ್ತದೆ ಹೊರಟುಹೋಗುತ್ತಾರೆ. ಅಕ್ಕ ದೀಪದ ವೈರು ಸುತ್ತುತ್ತಿದ್ದಾರೆ.

"ಕೆಲಸ ಹೋದ್ರೆ ಹೋಗ್ಲಿ ಅನ್ನೋಷ್ಟು ದೊಡ್ಡ ಮನಸ್ಸು ನಂದಲ್ಲ. ಇರ್ಲಿ ಅಂತಲೇ ಆಸೆ," ಎನ್ನುತ್ತಾರೆ. "ಆದ್ರೆ ಆ ಸಾಲು ಈಗ ಅಲ್ಲಿ ನಿಂತಿದೆಯಲ್ಲ, ಅದನ್ನ ಸರಿಸಿದ್ದು ನನ್ನ ಇವತ್ತಿನ ಫೋಟೋ."