ಸಿಪ್ಪೆ ಕೇಳಲು ಹೋದವಳು

ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ನನ್ನ ಹೆಂಡತಿ ತಿಂಗಳುಗಟ್ಟಲೆ ಯಾರೊಡನೆಯೂ ಬಾಯಿ ಬಿಡಲಿಲ್ಲ. ನನ್ನೊಡನೆ ಬಿಡುತ್ತಿದ್ದಳು, ಅದಕ್ಕೇನೂ ಕೊರತೆ ಇರಲಿಲ್ಲ. ಕಾರ್ಕಳದ ಹುಡುಗಿ, ಬರುತ್ತಿದ್ದುದು ತುಳು ಮತ್ತು ಕನ್ನಡ. ವಿಕ್ರೋಳಿಯ ನಮ್ಮ ಚಾಳಿನಲ್ಲಿ ಕೇಳುತ್ತಿದ್ದುದೆಲ್ಲ ಮರಾಠಿ, ಹಿಂದಿ, ಗುಜರಾತಿ. ನಾನು ಕಾರ್ಖಾನೆಗೆ ಹೊರಟರೆ ಬಾಗಿಲು ಹಾಕಿಕೊಂಡು ಕೂರುವಳು. ಒಂದು ದಿನ, "ನನಗೆ ಇಲ್ಲಿ ಆಗುದಿಲ್ಲ. ಬೇಸಗೆಗೆ ಊರಿಗೆ ಹೋದ್ರೆ ಮತ್ತೆ ಬರುದಿಲ್ಲ" ಎಂದಳು. ಹೆದರಿಸುವ ದನಿಯಲ್ಲ, ತಿಳಿಸುವ ದನಿ.

ಅವಳ ಮನಸ್ಸು ಹಿಡಿಯಲೆಂದು, ತವರಿನಲ್ಲಿದ್ದ ಹಾಗೆ ಇಲ್ಲೂ ಇರಲಿ ಎಂದು ಕೋಳಿ ತಂದೆ. ಚಾಳಿನ ಹಿಂದೆ, ಖಾಡಿಯ, ಅಂದರೆ ಹಿನ್ನೀರಿನ, ಜೌಗಿನವರೆಗೂ ಖಾಲಿ ಜಾಗವಿತ್ತು. ಕೋಳಿಗಳಿಗೆ ಹೊಟ್ಟೆಯೂ ಇರುತ್ತದೆ ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ. ರೇಷನ್ನಿನ ಕೆಂಪು ಜೋಳ ನಮಗೇ ಸಾಲದು. "ಹೀಗಾದರೆ ಸುಕ್ಕ ಮಾಡಿ ತಿನ್ನುವುದೇ ಲಾಭ" ಎಂದು ರೇಗಿದೆ. ಅವಳು ಮರುದಿನ ತಗಡಿನ ಡಬ್ಬಿ ಹಿಡಿದು ಪಕ್ಕದ ಬಾಗಿಲು ತಟ್ಟಿದಳು.

ಆ ಮನೆಯ ಮರಾಠಿ ಹೆಂಗಸು ಕಾಕೂಗೆ ಬೆರಳು ಮಡಚಿ ಕೊಕ್ಕಿನ ಹಾಗೆ ಕುಕ್ಕಿ ತೋರಿಸಿದಳಂತೆ. ಕಾಕೂ ಹೊಟ್ಟೆ ಹಿಡಿದುಕೊಂಡು ನಕ್ಕು, ತರಕಾರಿ ಸಿಪ್ಪೆಯನ್ನೂ ಒಣಗಿದ ಭಾಕರಿ ರೊಟ್ಟಿಯನ್ನೂ ಡಬ್ಬಿಗೆ ಹಾಕಿದರು. ಆಚೆಮನೆಯ ಗುಜರಾತಿ ಹೆಂಗಸು ಬೆನ್ ಜರಡಿಯಲ್ಲಿ ಉಳಿದ ಗೋಧಿ ತೌಡು ಕೊಟ್ಟರು. ಮೂಲೆಮನೆಯಲ್ಲಿ ಗಾರೆ ಕೆಲಸದವನ ಹೆಂಡತಿ, "ನಿನ್ನಿ ರೊಟ್ಟಿ ಅದಾವ, ಒಯ್ಯವ್ವಾ. ನಾಳೆನೂ ಬಾ" ಅಂದಳು. ಅಷ್ಟು ಹತ್ತಿರದಲ್ಲಿ ಒಂದು ಕನ್ನಡದ ಮನೆ ಇದ್ದದ್ದು ನಮಗೆ ಗೊತ್ತೇ ಇರಲಿಲ್ಲ. ನನ್ನವಳು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳಂತೆ. ಮೀನಿನವಳಿಂದ ಸೀಗಡಿಯ ತಲೆಗಳೂ ಬರತೊಡಗಿದವು. ಕೋಳಿಗಳು ಮೊಟ್ಟೆ ಇಟ್ಟದ್ದೇನೋ ಹೌದು, ಆಮ್ಲೆಟ್ಟು ಸೀಗಡಿ ನಾರುತ್ತಿತ್ತು. ನಾನು ಮೂಗು ಮುಚ್ಚಿಕೊಂಡು ತಿಂದೆ.

ಚಳಿಗಾಲದಲ್ಲಿ ಜೌಗಿಗೆ ದೊಡ್ಡ ಬಾತುಗಳ ಒಂದು ಹಿಂಡು ಇಳಿಯಿತು. ಹೆಬ್ಬಾತು ಎಂದು ಆಮೇಲೆ ಯಾರೋ ಹೇಳಿದರು. ಸಂಜೆ ನಾನು ಬರುವಾಗ ಇವಳು ಡಬ್ಬಿಯ ತೌಡನ್ನು ಅವಕ್ಕೆ ಎರಚುತ್ತಿದ್ದಳು. ನನಗೆ ಪಿತ್ತ ನೆತ್ತಿಗೇರಿತು.

"ಮನೆಯ ಕೋಳಿಗೇ ತಿರುಪೆ ಎತ್ತುವುದು. ಮೇಲೆ ಈ ನೆಂಟರಿಗೆ ಉಪಚಾರ ಬೇರೆಯಾ?"

"ಪರವೂರಿಂದ ಬಂದದ್ದಲ್ವಾ ಮಾರಾಯ್ರೆ. ಇಲ್ಲಿ ಅವಕ್ಕೆ ಯಾರ ಗುರ್ತ ಉಂಟು?"



ಬಾತುಗಳು ತೌಡನ್ನು ಮೂಸಿಯೂ ನೋಡಲಿಲ್ಲ, ಜೌಗಿನ ಎಳೆ ಹುಲ್ಲು ಮೇಯುತ್ತಿದ್ದವು. ಮರುದಿನ ಇವಳು ಅದೇ ಹುಲ್ಲನ್ನು ಸಣ್ಣಗೆ ಹೆಚ್ಚಿ ಕೋಳಿಗಳ ಮುಂದೆ ಸುರಿದಳು. ಅವು ಮುಗಿಬಿದ್ದು ತಿಂದವು. ಬಿಟ್ಟಿ ಮೇವು ಸಿಕ್ಕಿತು. ಹುಲ್ಲು ಕೊಯ್ಯಲು ಕಾಕೂ, ಬೆನ್, ಮೂಲೆಮನೆಯವಳು ಎಲ್ಲರೂ ಜೊತೆಗೆ ಹೋಗುವರು. ಬಾತು ನೋಡುವ ನೆಪ ಬೇರೆ. ಹುಲ್ಲಿಗಿಂತ ಮಾತೇ ಹೆಚ್ಚು ಕೊಯ್ಯುತ್ತಿದ್ದರು.

ಬಿಸಿಲೇರಿದಂತೆ ಬಾತುಗಳು ಹಾರಿಹೋದವು. ಇವಳೂ ಊರಿಗೆ ಹೊರಟಳು. ಬಸ್ಸು ಹತ್ತುವಾಗ "ಬರ್ತೇನೆ" ಎಂದಳು. ಅದು ಹೊರಡುವವರೆಲ್ಲ ಹೇಳುವ ಮಾತು, ನಂಬುವಂತಿರಲಿಲ್ಲ. ದಿನಾ ಬೆಳಿಗ್ಗೆ ಹೆಂಗಸರು ಸಿಪ್ಪೆ ತಂದುಕೊಟ್ಟು, ಅವಳು ಯಾವಾಗ ಬರುತ್ತಾಳೆಂದು ತಮ್ಮ ತಮ್ಮ ಭಾಷೆಯಲ್ಲಿ ಕೇಳುವರು. ನನಗೆ ಯಾವ ಭಾಷೆಯಲ್ಲೂ ಉತ್ತರ ಗೊತ್ತಿರಲಿಲ್ಲ. ಕೋಳಿಗಳ ನಡುವೆ ಕುಕ್ಕರಗಾಲಲ್ಲಿ ಕೂತು ಹುಲ್ಲು ಹೆಚ್ಚುತ್ತ ಭಯಪಡುತ್ತಿದ್ದೆ.

ಮಳೆಗೆ ಮುಂಚೆ ಬಂದಳು. ಬಸ್ಸಿನಿಂದ ಇಳಿಸಿ ಕರೆತಂದೆ, ಅವಳ ಟ್ರಂಕು ನನ್ನ ತಲೆಯ ಮೇಲೆ. ನಮ್ಮ ಬಾಗಿಲು ಇನ್ನೂ ಮುಂದಿತ್ತು, ಅವಳು ಕಾಕೂ ಬಾಗಿಲಲ್ಲೇ ನಿಂತಳು. "ಕಶಾ ಆಹಾತ್ ಕಾಕೂ? ಕೋಂಬ್ಡ್ಯಾ ಕಶಾ ಆಹೇತ್?" ಎಂದು ಮರಾಠಿಯಲ್ಲೇ ಇಬ್ಬರ ಕ್ಷೇಮವನ್ನೂ, ಕಾಕೂದನ್ನೂ ಕೋಳಿಗಳದನ್ನೂ, ಒಟ್ಟಿಗೇ ಕೇಳಿದಳು. ಬೆನ್ ಬಂದರು, ಮೂಲೆಮನೆಯವಳು ಓಡಿ ಬಂದಳು. ಮಾತು ಮುಗಿಯುವ ಲಕ್ಷಣ ಕಾಣಲಿಲ್ಲ. ಕತ್ತು ನೋಯುತ್ತಿತ್ತು, ಆದರೂ ಅವಳ ಮಾತು ಕೇಳುತ್ತ ಟ್ರಂಕು ಕೆಳಗಿಡುವ ಮನಸ್ಸೇ ನನಗೆ ಬರಲಿಲ್ಲ.