ಕುಂತ ಗಾಡಿ ಎಬ್ಬಿಸಿದ ಮಿಸ್ತ್ರಿ ಚಾಚಾ

ಅವರ ಬಲಗಿವಿಯ ಸುತ್ತ ಎಷ್ಟು ಸೋಪು ಹಚ್ಚಿ ತೊಳೆದರೂ ಹೋಗದ ಒಂದು ಕಪ್ಪು ಕಲೆ ಇತ್ತು. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುವುದು ಅವರ ಪದ್ಧತಿ. ಕಣ್ಣು ತೆರೆದರೂ ಹೆಚ್ಚೇನೂ ಕಾಣುತ್ತಿರಲಿಲ್ಲ. ಎರಡಕ್ಕೂ ಪೊರೆ ಬಂದಿತ್ತು, ಆಪರೇಷನ್ ಎಂದರೆ ಹೆದರುತ್ತಿದ್ದರು. ಜಹೀರಾಬಾದಿನ ಹೈವೇ ಪಕ್ಕ ತಗಡಿನ ಶೆಡ್ಡು. ಊರೆಲ್ಲ ಅವರನ್ನು ಮಿಸ್ತ್ರಿ ಅನ್ನುತ್ತಿತ್ತು. ನಾನು ಚಾಚಾ ಅನ್ನುತ್ತಿದ್ದೆ.

ನಾನು ಅವರ ಬಳಿ ಹೋದದ್ದು ನಮ್ಮ ಮನೆಯವರು ತೀರಿಕೊಂಡು ಎಂಟು ತಿಂಗಳಾದ ಮೇಲೆ. ನಮ್ಮವರಿಗೆ ದೊಡ್ಡ ಕಾರಿನ ಹುಚ್ಚು. ಹೈದರಾಬಾದಿನಲ್ಲಿ ಯಾರೋ ಹನ್ನೊಂದು ವರ್ಷ ಓಡಿಸಿ ಬಿಟ್ಟಿದ್ದ ವಿದೇಶಿ ಗಾಡಿಯನ್ನು, ಹೊಸ ಸಣ್ಣ ಕಾರಿನ ಬೆಲೆಗೆ ತಂದಿದ್ದರು. ಚರ್ಮದ ಸೀಟು, ಒಳಗೆ ಕೂತರೆ ಹೊರಗಿನ ಸದ್ದೇ ಕೇಳದು. ಒಂದೇ ವರ್ಷ ಓಡಿಸಿ, ಹೃದಯಾಘಾತವಾಗಿ ಹೋಗಿಬಿಟ್ಟರು. ಬೇವಿನ ಮರದ ಕೆಳಗೆ ನಿಂತ ಗಾಡಿ ದಿನದಿನಕ್ಕೂ ಹಿಂದಿನಿಂದ ಕುಸಿಯುತ್ತ ಬಂದು, ಕೊನೆಗೆ ಹೊಟ್ಟೆ ನೆಲಕ್ಕೆ ತಾಗಿತು. ಹೈದರಾಬಾದಿನ ದೊಡ್ಡ ವರ್ಕ್‌ಶಾಪಿಗೆ ಫೋನ್ ಮಾಡಿದರೆ ಮೂರು ಲಕ್ಷದ ಲೆಕ್ಕ ಹೇಳಿದರು. ಮೈದುನ, "ಗುಜರಿಗಿ ಹಾಕ್ರಿ ವೈನಿ" ಅಂದ.

ಚಾಚಾ ಮನೆಗೇ ಬಂದು, ನೆಲಕ್ಕೆ ಮಲಗಿ, ಗಾಡಿಯ ಕೆಳಗೆ ಕೈ ಹಾಕಿ ತಡವಿದರು. ಎದ್ದು ಬಟ್ಟೆ ಝಾಡಿಸಿಕೊಂಡು, "ಸತ್ತಿಲ್ರಿ ಮೇಡಂ, ಬರೇ ಕುಂತದ" ಅಂದರು.

ಹಿಂದಿನ ಗಾಲಿಗಳ ಮೇಲೆ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರಿನ ಚೀಲಗಳಿದ್ದವಂತೆ. ಬಿಸಿಲಿಗೆ ಅವು ಸೀಳಿಹೋಗಿದ್ದವು. ಅವನ್ನು ತೆಗೆದು ಸಾದಾ ಸ್ಪ್ರಿಂಗು ಹಾಕಿದರು. ಮೂರು ಲಕ್ಷದ ಮಾತು ಇಪ್ಪತ್ತೆರಡು ಸಾವಿರಕ್ಕೆ ಮುಗಿಯಿತು. ಆಮೇಲೆ ನನ್ನನ್ನು ಎದುರಿಗೆ ಕೂಡಿಸಿಕೊಂಡು, ಗಾಡಿಯ ಉಳಿದ ರೋಗಗಳನ್ನೆಲ್ಲ ಹೇಳಿದರು.

"ಎಣ್ಣಿ ಸೋರ್ತದ, ಅದು ಇವತ್ತಿಂದು. ನೀರಿನ ಪಂಪ್ ಮುಪ್ಪಾಗ್ಯದ, ಅದು ಮುಂದಿಂದು. ಸೀಟ ಬೆಚ್ಚಗ ಮಾಡೋ ಮಷಿನ್ ಕೆಟ್ಟದ, ನಮ್ಮ ಬಿಸಿಲಾಗ ಅದು ಬ್ಯಾಡಾದ್ದು."

ಎಲ್ಲ ಗಾಡಿಗೂ ಅವರ ಲೆಕ್ಕ ಇಷ್ಟೇ: ಇವತ್ತಿಂದು, ಮುಂದಿಂದು, ಬ್ಯಾಡಾದ್ದು. ನನಗೆ ಡ್ರೈವಿಂಗನ್ನೂ ಅವರೇ ಕಲಿಸಿದರು. ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು, "ಈಗ ಏನು ಕೇಳಸ್ತು?" ಎಂದು ಕೇಳುತ್ತಿದ್ದರು. ಏನೂ ಇಲ್ಲ ಅಂದರೆ ಅದೇ ರಸ್ತೆಯಲ್ಲಿ ಮತ್ತೊಮ್ಮೆ ಓಡಿಸಬೇಕು. ಒಂದು ದಿನ ನಾನು, "ಎಡಗಡೆ ಮುಂದಿನ ಗಾಲ್ಯಾಗ ಗುಂಯ್ ಅಂತದ" ಅಂದೆ. ಚಾಚಾ ಕಣ್ಣು ತೆರೆದು, "ಬೇರಿಂಗ್ ಹೋಗ್ಯದ" ಎಂದು ಹಲ್ಲು ಕಾಣುವಂತೆ ನಕ್ಕರು.

ತೆಲಂಗಾಣದ ಚಳವಳಿ ಜೋರಾದ ವರ್ಷ ನಮ್ಮ ಸರ್ಕಾರಿ ಕಚೇರಿಗಳಿಗೆಲ್ಲ ಬೀಗ ಬಿತ್ತು. ನಾವು ನೌಕರರು ದಿನಾ ಧರಣಿಯ ಟೆಂಟಿನಲ್ಲಿ ಕೂಡುತ್ತಿದ್ದೆವು. ಬಸ್ಸಿಲ್ಲ, ಸಂಬಳವಿಲ್ಲ. ಆಗಲೇ ಗಾಡಿಯ ನೀರು ಸೋರತೊಡಗಿತ್ತು. ಚಾಚಾ, "ಪಂಪಿನ ಪಾಳಿ ಬಂತು. ಹೈದರಾಬಾದಿಂದ ಸಾಮಾನು ಬರೋತನಾ ಹೊರಗ ತೆಗಿಬ್ಯಾಡ್ರಿ" ಎಂದು ಹೇಳಿ ಹೋಗಿದ್ದರು.

ನನ್ನ ತವರೂರು ಕಂಗ್ಟಿಯಿಂದ ಬಂದು ನನ್ನ ಜೊತೆ ಇದ್ದ ಅಪ್ಪ ಒಂದು ಬೆಳಿಗ್ಗೆ ಪೂಜೆಗೆ ಕೂತವರು ವಿಭೂತಿಯ ಗಟ್ಟಿಯನ್ನು ಕೈಯಿಂದ ಬೀಳಿಸಿದರು. ಬಲಗೈ ಏಳಲಿಲ್ಲ, ಮಾತು ತೊದಲಿತು. ಓಣಿಯ ಡಾಕ್ಟರು ನೋಡಿ, "ಲಕ್ವಾ. ಜಲ್ದಿ ಬೀದರ್‌ಗಿ ಒಯ್ರಿ, ಹೊತ್ತು ಕಳಿಬ್ಯಾಡ್ರಿ" ಅಂದರು. ಹೈದರಾಬಾದಿನ ರಸ್ತೆ ಬಂದಾಗಿತ್ತು. ಅಂಬ್ಯುಲೆನ್ಸು ದೂರದಲ್ಲೆಲ್ಲೋ ಸಿಕ್ಕಿಕೊಂಡಿತ್ತು. ಚಾಚಾಗೆ ಫೋನ್ ಮಾಡಿದೆ. ಎರಡು ಕ್ಯಾನು ನೀರು, ಒಂದು ಗೋಣಿಚೀಲ ಹಿಡಿದುಕೊಂಡು ಸೈಕಲ್ಲಿನ ಮೇಲೆ ಬಂದರು.

"ನೀವೇ ಹೊಡೀರಿ. ನನಗ ಕಣ್ಣಿಲ್ಲ. ಇಂಜಿನ್ ಕಾವು ತೋರಿಸೋ ಮುಳ್ಳಿನ ಮ್ಯಾಲೆ ನಿಗಾ ಇಡ್ರಿ, ಉಳಿದದ್ದು ನಾ ಕೇಳಸ್ಕೊಂತೀನಿ."

ಊರ ಹೊರಗೆ ರಸ್ತೆಯ ನಡುವೆ ಒಲೆ ಹೂಡಿ ಅಡುಗೆ ಮಾಡುತ್ತಿದ್ದರು. ಆ ದಿನಗಳಲ್ಲಿ ಅದೂ ಒಂದು ಧರಣಿ. ಅಲ್ಲಿದ್ದವರಲ್ಲಿ ಅರ್ಧ ಜನ ನನ್ನ ಕಚೇರಿಯವರೇ. ಅಪ್ಪನನ್ನು ನೋಡಿದ್ದೇ ಕುದಿಯುವ ಹಂಡೆ ಸರಿಸಲು ಓಡಿದರು. ಆದರೆ ನಿಂತ ಗಾಡಿಯ ಮುಳ್ಳು ಕೆಂಪಿನತ್ತ ಏರತೊಡಗಿತು.

"ಹೀಟರ್ ಪೂರಾ ಖೋಲ್ರಿ" ಅಂದರು ಚಾಚಾ. "ಇಂಜಿನ್ ಕಾವು ನಾವು ತಗೊಂಡ್ರ ಅದಕ್ಕ ಜರಾ ಹಗುರ ಆಗ್ತದ."

ಹಂಡೆ ಸರಿದು ದಾರಿಯಾಯಿತು. ಹೊರಗೆ ಬಿಸಿಲು, ಒಳಗೆ ಬೆಂಕಿಯ ಗಾಳಿ. ಚಾಚಾ ಕಿಟಕಿಗಳನ್ನೆಲ್ಲ ಇಳಿಸಿ, ಹಿಂದೆ ಅಪ್ಪನ ಪಕ್ಕಕ್ಕೆ ಹೋಗಿ ಕೂತು, ಟವೆಲಿನಿಂದ ಗಾಳಿ ಹಾಕುತ್ತ ಬಂದರು. ಅರ್ಧ ದಾರಿಗೆ ಮುಳ್ಳು ಮತ್ತೆ ಏರಿತು. ಒಂದು ಹುಣಸೆಮರದ ಕೆಳಗೆ ನಿಲ್ಲಿಸಲು ಹೇಳಿದರು. ನಾನು ಅಳತೊಡಗಿದೆ. ನಿಲ್ಲಿಸುವುದು ಬೇಡ, ಹೀಗೇ ಹೋಗಿಬಿಡೋಣ ಅಂದೆ.

"ಬೇಟಿ," ಅಂದರು, ಮೊದಲ ಸಲ ಮೇಡಂ ಬಿಟ್ಟು. "ಈಗ ಹತ್ತು ಮಿನಿಟ ಕೊಟ್ರ ಬೀದರ್ ಮುಟ್ಟತೀವಿ. ಕೊಡದಿದ್ರ ಇಲ್ಲೇ ಉಳೀತೀವಿ. ನೀ ಅಪ್ಪಾರ ಕೈ ಹಿಡ್ಕೊಂಡು ಕೂಡು."

ಪೂರಾ ತಣಿಯುವಷ್ಟು ಹೊತ್ತು ನಮ್ಮಲ್ಲಿರಲಿಲ್ಲ. ಗೋಣಿಚೀಲ ಹಾಕಿ ರೇಡಿಯೇಟರಿನ ಮುಚ್ಚಳ ತೆಗೆಯುವಾಗ ಬುಸ್ಸೆಂದು ಹಬೆ ಎದ್ದದ್ದು ಕೇಳಿಸಿತು. ಅವರು ನನ್ನಿಂದ ಇಂಜಿನ್ ಚಾಲೂ ಮಾಡಿಸಿ ಸಣ್ಣಗೆ ನೀರು ಹೊಯ್ದರು, ಹೊರಟೆವು. ಕರ್ನಾಟಕದ ಗಡಿ ದಾಟಿದ ಮೇಲೆ ರಸ್ತೆ ಖಾಲಿ. ಆಸ್ಪತ್ರೆಯ ಬಾಗಿಲಿಗೆ ಮುಟ್ಟಿದೆವು. ಇನ್ನೊಂದು ತಾಸು ತಡವಾಗಿದ್ದರೆ ಕಷ್ಟವಿತ್ತೆಂದು ಡಾಕ್ಟರು ಆಮೇಲೆ ಹೇಳಿದರು.

ಅಪ್ಪನನ್ನು ಒಳಗೆ ಒಯ್ದ ಮೇಲೆ ನರ್ಸೊಬ್ಬಳು ಚಾಚಾನ ಅಂಗಿಯ ತೋಳು ಮೇಲೆತ್ತಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಬೊಬ್ಬೆ ಎದ್ದಿತ್ತು. ಅವರು ಕೈ ಎಳೆದುಕೊಳ್ಳುತ್ತ, "ಇದು ಮುಂದಿಂದು" ಅಂದರು. ಅವಳಿಗೆ ಅರ್ಥವಾಗಲಿಲ್ಲ. ನಾನು ಅಲ್ಲೇ ಗೋಡೆಗೆ ಒರಗಿ ಅತ್ತೆ.

ಅಪ್ಪ ಎದ್ದು ಓಡಾಡುವಂತಾದರು. ಮಾತು ಬಂತು. ಬಲಗೈಯಲ್ಲಿ ಮಾತ್ರ ಜೀವ ಪೂರ್ತಿ ಮರಳಲಿಲ್ಲ.

ಎರಡು ವರ್ಷದ ಮೇಲೆ ಗಾಡಿಯ ಗೇರ್ ಬಾಕ್ಸ್ ಹೋಯಿತು. ಚಾಚಾ ಗಾಡಿಯ ಕೆಳಗಿಂದ ಎದ್ದು ಕೈ ಒರೆಸಿಕೊಂಡರು. "ಇದಕ್ಕ ಆಗೋ ಖರ್ಚು ಗಾಡಿ ಕಿಮ್ಮತ್ತಿಗಿಂತ ಜಾಸ್ತಿ. ಕೊಟ್ಟುಬಿಡು ಬೇಟಿ" ಅಂದರು. ನಾನು, ಅದು ನಮ್ಮ ಮನೆಯವರ ಗಾಡಿ, ಎಷ್ಟಾದರೂ ಆಗಲಿ ಅಂದೆ.

"ನನಗ ಗೊತ್ತದ. ನೀ ದಿನಾ ಸಂಜಿಗಿ ಅದರಾಗ ಸುಮ್ನ ಕೂಡ್ತಿ ಅಂತ ಓಣ್ಯಾಗ ಅಂತಾರ. ಸಾಹೇಬರು ಅದರಾಗ ಇಲ್ಲ ಬೇಟಿ. ಇಷ್ಟು ದಿನಾ ನಾನೇ ಹೇಳಬೇಕಿತ್ತು. ರಿಪೇರಿ ಮಾಡ್ಕೋತ ಹೋದೆ, ತಪ್ಪು ನಂದೂ ಅದ."

ಆ ಮಾತನ್ನು ನನಗೆ ಬೇರೆ ಯಾರೂ ಹೇಳಿರಲಿಲ್ಲ. ಅವತ್ತು ಸಿಟ್ಟು ಬಂತು. ವಾರದ ಮೇಲೆ ನಾನೇ ಹೋಗಿ ಮಾರಲು ಚಾಚಾಗೆ ಕೀಲಿಕೈ ಕೊಟ್ಟು ಬಂದೆ. ಕೊಳ್ಳಲು ಬಂದವನಿಗೆ ಅವರು ಗಾಡಿಯ ಒಂದೊಂದು ಕೊರತೆಯನ್ನೂ ಮುಚ್ಚಿಡದೆ ಹೇಳಿದರು.

ಹೊಸ ರಾಜ್ಯ ಬಂದ ವರ್ಷದ ಚಳಿಗಾಲದಲ್ಲಿ ಚಾಚಾ ನಿದ್ದೆಯಲ್ಲೇ ಹೋದರು. ಸುದ್ದಿ ತಿಳಿಸಿದಾಗ ಅಪ್ಪ ಕಂಗ್ಟಿಯಲ್ಲಿದ್ದರು. ಬರುವುದು ಬೇಡ, ಚಳಿ ಇದೆ ಅಂದರೂ ಕೇಳದೆ ಶೇರ್ ಆಟೋ ಹಿಡಿದು, ಬಸ್ಸು ಬದಲಿಸಿ ಬಂದರು. ಹೆಂಗಸರು ಕಬರಸ್ತಾನದ ಒಳಗೆ ಹೋಗುವುದಿಲ್ಲ. ನಾನು ಗೇಟಿನ ಹೊರಗೆ ನಿಂತಿದ್ದೆ, ಗೋರಿ ಗೇಟಿನ ಪಕ್ಕದಲ್ಲೇ ಇತ್ತು. ಹಣೆಗೆ ವಿಭೂತಿ ಹಚ್ಚಿದ ಅಪ್ಪ ಕೋಲೂರಿಕೊಂಡು ಗೋರಿಗೆ ಮಣ್ಣು ಹಾಕುವವರ ಸಾಲಿನಲ್ಲಿ ನಿಂತದ್ದನ್ನು ಕಂಡು ಯಾರೋ ದಾರಿ ಬಿಟ್ಟರು. "ನಮ್ಮಾಗೂ ಮಣ್ಣಾಗೇ ಇಡ್ತೀವಪ್ಪ, ನನಗ ಗೊತ್ತದ" ಅಂದರು ಅಪ್ಪ.

ಚಾಚಾನ ಮಗ ಅಪ್ಪನ ರಟ್ಟೆ ಹಿಡಿದು ಬಗ್ಗಿಸಿದ. "ಎಡಗೈಲೆ ಹಾಕ್ರಿ ಮುತ್ಯಾ, ನಡೀತದ."

"ಇಲ್ಲ," ಅಂದರು ಅಪ್ಪ. "ಇದೇ ಕೈಲೆ."

ನಡುಗುವ ಬಲಗೈಯಲ್ಲಿ ಮಣ್ಣು ನಿಲ್ಲುತ್ತಿರಲಿಲ್ಲ, ಅರ್ಧ ಧೋತರದ ಮೇಲೆ ಉದುರುತ್ತಿತ್ತು. ಹಿಂದೆ ಸಾಲಿನಲ್ಲಿದ್ದವರೆಲ್ಲ ಕಾದರು. ಅಪ್ಪ ಅವಸರ ಮಾಡದೆ, ಮೂರು ಸಲ ಹಾಕಿದರು.