ಬೇಟೆಯ ಕೋಟು, ನಗುವ ಕುಂಬಳಕಾಯಿ

ನಮ್ಮ ಬೀದಿಯ ಆರ್ಲೀನ್ ಹೌತಾಲಾಳಿಗೆ ಸೂಜಿ ಕಂಡರೆ ಆಗದು. ಲಾಂಡ್ರಿಯಲ್ಲಿ ದಿನವಿಡೀ ಆಸ್ಪತ್ರೆಯ ಹೊದಿಕೆಗಳೊಂದಿಗೆ ಕಾದಾಡಿ ಬರುವ ವೀರವನಿತೆ, ಮನೆಗೆ ಬಂದ ಮೇಲೆ ಬಟ್ಟೆಯ ಜೊತೆ ಮಾತು ಬಿಟ್ಟಿದ್ದಾಳೆ. ಗುಂಡಿ ಹೋದರೆ ಪಿನ್ನು, ಹೊಲಿಗೆ ಬಿಟ್ಟರೆ ಸ್ಟೇಪ್ಲರ್. "ಹರಿದಿರೋದು ನಿನ್ನ ಪ್ಯಾಂಟು, ನನ್ನ ಮಾನ ಅಲ್ಲ" ಎಂದು ಗಂಡ ರೇನೊನಿಗೆ ಕೂಗಿ ಹೇಳಿದ್ದನ್ನು ಇಡೀ ಬೀದಿ ಕೇಳಿಸಿಕೊಂಡಿದೆ.

ಅಂಥವಳ ಮನೆಗೂ, ಮಕ್ಕಳು ವೇಷ ತೊಟ್ಟು ಮನೆಮನೆಗೆ ಮಿಠಾಯಿ ಕೇಳಿಕೊಂಡು ಹೋಗುವ ಹ್ಯಾಲೋವೀನ್ ಬರುತ್ತದೆ. ಮಿಶಿಗನ್ನಿನ ಈ ಉತ್ತರದ ತುದಿಗೆ ಅದು ಬರುವುದು ಹಿಮವನ್ನು ಕೈಹಿಡಿದುಕೊಂಡೇ. ತಾಯಂದಿರು ನಿದ್ದೆಗೆಟ್ಟು ವೇಷ ಹೊಲಿಯುತ್ತಾರೆ. ಆ ಸಂಜೆ ಮಕ್ಕಳು ಹೊಸ್ತಿಲು ದಾಟುವಾಗ ಅದೇ ತಾಯಂದಿರು ಆ ವೇಷದ ಮೇಲೆ ದಪ್ಪ ಕೋಟು ತೊಡಿಸಿ, ಗದ್ದದ ತನಕ ಜಿಪ್ ಎಳೆಯುತ್ತಾರೆ. ಪ್ರತಿ ವರ್ಷವೂ ಹೀಗೇ. ಯಾರೂ ಪಾಠ ಕಲಿತಿಲ್ಲ.

ಕಳೆದ ವರ್ಷ ಆರ್ಲೀನಳ ಮಗಳು ಐನೊ ಚಿಟ್ಟೆಯಾಗಿದ್ದಳು. ಅಜ್ಜಿ ಕಳಿಸಿದ ರೆಕ್ಕೆಗಳು ಕೋಟಿನೊಳಗೆ ಮುದುರಿ ಮಲಗಿದವು. ಬಾಗಿಲು ಬಾಗಿಲಲ್ಲೂ, "ನೀನೇನು ವೇಷ ಪುಟ್ಟಿ?" ಮೂಲೆಮನೆಯ ಮುದುಕಿ ಮಿಸೆಸ್ ಬೆರ್ತುಚಿಯಂತೂ ಕನ್ನಡಕ ಏರಿಸಿ, "ಓ, ಕೋಟು!" ಎಂದುಬಿಟ್ಟರು. ಐನೊ ಮಿಠಾಯಿಯನ್ನೂ ತೆಗೆದುಕೊಳ್ಳದೆ ಅಳುತ್ತ ಮನೆಗೆ ಬಂದಿದ್ದಳು.

"ಈ ಸಲ ನಾನ್ ಹೋಗಲ್ಲ" ಎಂದಳು ಐನೊ.

"ಏನಾಗ್ಬೇಕು ಹೇಳೇ ನಿಂಗೆ?"

"ಕುಂಬಳಕಾಯಿ. ಕಣ್ಣು ಹಲ್ಲು ಕೊರೆದು ಬಾಗ್ಲಲ್ಲಿ ಇಡ್ತಾರಲ್ಲ, ಆ ಕಿತ್ತಳೆ ಬಣ್ಣದ್ದು. ಆದ್ರೆ ಯಾರೂ ಕೇಳ್ಬಾರ್ದು. ನೋಡಿದ್ ಕೂಡ್ಲೇ ಗೊತ್ತಾಗ್ಬೇಕು."

ಪಕ್ಕದ ಮನೆಯ ಕೊಲೀನ್ ಟ್ರೆವಾರ್ಥನ್ ನಿದ್ದೆಗೆಟ್ಟ ಕೆಂಪು ಕಣ್ಣಿನಲ್ಲಿ ಬಂದಳು. ಬೆರಳಿಗೆಲ್ಲ ಅಂಟು, ತಲೆಗೆಲ್ಲ ಪುಕ್ಕ. ಮಗನಿಗೆ ನವಿಲಿನ ವೇಷವಂತೆ.

"ನೀನಿನ್ನೂ ಶುರುನೇ ಮಾಡಿಲ್ವಲ್ಲೇ! ನಂಗೆ ಊಟ ಇಲ್ಲ, ನಿದ್ದೆ ಇಲ್ಲ."

"ನವಿಲಿನ ಮೇಲೆ ಕೋಟು ಹಾಕ್ತೀಯಾ?"

"ಹಾಕ್ದೆ? ಮಗು ಚಳಿಗೆ ಸಾಯ್ಬೇಕಾ?"

"ಹಾಗಾದ್ರೆ ನೀನ್ ಹೊಲೀತಿರೋದು ಕೋಟಿನ ಒಳಬಟ್ಟೆ ಕಣೇ, ನವಿಲಲ್ಲ."

ಕೊಲೀನ್ ಬಾಗಿಲು ದಡಾರನೆ ಹಾಕಿಕೊಂಡು ಹೋದಳು.

ಹ್ಯಾಲೋವೀನ್ ಸಂಜೆ ಆರ್ಲೀನ್ ಕಾಫಿ ಬಗ್ಗಿಸಿಟ್ಟು ಹಿಂದಿನ ಜಗಲಿಗೆ ನಡೆದಳು. ಅಲ್ಲಿ ರೇನೊನ ಬೇಟೆಯ ಕೋಟು ನೇತಾಡುತ್ತಿತ್ತು. ಕಾಡಿನಲ್ಲಿ ಬೇರೆ ಬೇಟೆಗಾರರ ಗುಂಡು ತಾಗದಿರಲೆಂದು ಕಣ್ಣು ಕುಕ್ಕುವ ಕಿತ್ತಳೆ ಬಣ್ಣ. ಮನುಷ್ಯನ ವಾಸನೆ ಹೋಗಲೆಂದು ಗಾಳಿಗೆ ಹಾಕಿದ್ದು. ಆ ಮನೆಯಲ್ಲಿ ಅದಕ್ಕಿರುವ ಮರ್ಯಾದೆ ಅದರ ಯಜಮಾನನಿಗಿಲ್ಲ. ಅದನ್ನು ಐನೊಳ ಚಳಿಗೋಟಿನ ಮೇಲೇ ತೊಡಿಸಿ, ಹಳೆಯ ದಿಂಬುಗಳನ್ನು ತುರುಕಿ, ಅಂಚಿಗೆ ಹಗ್ಗ ಬಿಗಿದಳು. ಕಪ್ಪು ಟೇಪು ಹರಿದು ಮುಂದೆ ಹಿಂದೆ ಎರಡೂ ಕಡೆ ಕಣ್ಣು, ಮೂಗು, ಹಲ್ಲು ಅಂಟಿಸಿದಳು. ತಲೆಗೊಂದು ಹಸಿರು ಟೊಪ್ಪಿ. ಕಾಫಿ ಇನ್ನೂ ಬಿಸಿಯಾಗಿಯೇ ಇತ್ತು.

ರೇನೊ ಓಡಿಬಂದ. "ಅಯ್ಯೋ ಪಾಪಿ! ಬೇಟೆಗೆ ಎರಡೇ ವಾರ ಇದೆ! ಚಾಕಲೇಟ್ ವಾಸ್ನೆ ಹತ್ತಿದ್ರೆ ಒಂದ್ ಜಿಂಕೆನೂ ಹತ್ರ ಬರಲ್ಲ!"

"ಇಷ್ಟ್ ವರ್ಷ ವಾಸ್ನೆ ಇಲ್ದೆ ಯಾವ ಜಿಂಕೆ ಬಂದು ತಬ್ಕೊಂಡಿದೆ ಮಾರಾಯ? ದಾರಿ ಬಿಡು."

ಕುಂಬಳಕಾಯಿ ಹಿಮದಲ್ಲಿ ದಿಗ್ವಿಜಯಕ್ಕೆ ಹೊರಟಿತು. ಮಿಸೆಸ್ ಬೆರ್ತುಚಿ ಬಾಗಿಲಲ್ಲೇ ನಿಂತು, ಕನ್ನಡಕವನ್ನೂ ಮುಟ್ಟದೆ, "ಅಬ್ಬಬ್ಬಾ, ಎಂಥಾ ಕುಂಬಳಕಾಯಿ!" ಎಂದು ಕೂಗಿದರು. ಆಮೇಲೆ ಹಿಂದಿದ್ದ ಕೊಲೀನಳ ಮಗನನ್ನು ನೋಡಿ, "ನೀನು... ಓ, ಕೋಟು!"

"ಅಮ್ಮಾ, ನಾನ್ ಹೇಳೇ ಇಲ್ಲ! ಅವರೇ ಹೇಳಿದ್ರು!" ಐನೊಳ ಕೂಗು ಬೀದಿಯ ಕೊನೆಯ ತನಕ ಕೇಳಿಸಿತು. ಕೊಲೀನಳ ಮನೆಗೂ.

ಟೇಪು ಮಾತ್ರ ಕೋಟಿಗೆ ಗಟ್ಟಿಯಾಗಿ ಕಚ್ಚಿಕೊಂಡಿತು. "ತೆಗ್ಯೇ ಇದನ್ನ" ಎಂದು ರೇನೊ ಗೋಗರೆದ. "ಬಟ್ಟೆ ಜೊತೆ ನಂಗೆ ಮಾತಿಲ್ಲ" ಎಂದಳು ಆರ್ಲೀನ್. ಬೆನ್ನಿನ ಮೇಲೆ ಕುಂಬಳಕಾಯಿ ಹಲ್ಲು ಕಿರಿಯುತ್ತಿದ್ದ ಆ ಕೋಟಿನಲ್ಲೇ ರೇನೊ ಕಾಡಿಗೆ ಹೋದ. ಎಂದಿನಂತೆ ಬರಿಗೈಯಲ್ಲಿ ಬಂದ. ಈ ಸಲ ಹೇಳಿಕೊಳ್ಳಲು ಅವನಿಗೊಂದು ಕಾರಣವಾದರೂ ಇತ್ತು.